ಗಂಡು ಕಾಯಿಲೆ

ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬೇಲೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದ ಚನ್ನೇಶನಿಗೆ ಹೆಂಡತಿಯ ಫೋನು ಬಂತು. "ಇನ್ನೂ ನಿಂತಿಲ್ಲ ಮಾವ" ಎಂದು ಪ್ರತಿಮಾ ಪಿಸುದನಿಯಲ್ಲಿ ಅಂದಳು. ಗೊತ್ತಿದ್ದೂ ಗೊತ್ತಿದ್ದೂ "ಏನು?" ಎಂದು ಕೇಳಿದ. ಅವಳ ಹಿಂದೆ ಪಾತ್ರೆಗಳ ಸದ್ದು, ಯಾರೋ ಹೆಂಗಸು ಗೊಳ್ಳೆಂದು ನಕ್ಕದ್ದು ಕೇಳಿಸಿತು. "ಬೇಗ ಬನ್ನಿ" ಎಂದು ಇಟ್ಟುಬಿಟ್ಟಳು. ಪಕ್ಕದ ಸೀಟಿನವನು ಬಾಳೆಹಣ್ಣು ಸುಲಿಯುತ್ತ ಇವನನ್ನೇ ನೋಡುತ್ತಿದ್ದ. ಮಾತು ಹೊರಗೆ ಕೇಳಿಸಿತೇನೋ ಎಂದು ಚನ್ನೇಶನಿಗೆ ನಾಚಿಕೆಯಾಯಿತು. ಹನ್ನೆರಡು ತುಂಬಿದ ಮಗಳು ಮೇಘಶ್ರೀ ರಜೆಗೆಂದು ಹಳೇಬೀಡಿನ ಅಜ್ಜಿಯ ಮನೆಗೆ ಹೋದವಳು ಅಲ್ಲೇ ದೊಡ್ಡವಳಾಗಿದ್ದಳು. ಸುದ್ದಿ ಕೇಳಿ ಅವನಿಗೆ ಖುಷಿಯಾಗಿತ್ತು, ಆಮೇಲೆ ಖುಷಿಪಟ್ಟಿದ್ದಕ್ಕೆ ಮುಜುಗರವಾಗಿತ್ತು. ಪ್ರತಿಮಾ ಅವತ್ತೇ ತವರಿಗೆ ಓಡಿದ್ದಳು. ನಿಂತ ಮೇಲೆ ನೀರು ಹಾಕಿ ಆರತಿ ಮಾಡೋಣ ಎಂದು ಒಮ್ಮೆ ದಿನ ಗೊತ್ತುಮಾಡಿ ಮುಂದೆ ಹಾಕಿದರು. ನಿಲ್ಲಲಿಲ್ಲ. ನೆಂಟರಿಗೆಲ್ಲ ಹೇಳಿಯಾಗಿದೆ, ಇನ್ನು ಕಾಯುವುದು ಚೆನ್ನಾಗಿರುವುದಿಲ್ಲ ಎಂದು ಇವತ್ತಿಗೆ ಇಟ್ಟುಕೊಂಡರು. ಇದ್ಯಾವುದನ್ನೂ ಅವನಿಗೆ ಯಾರೂ ನೇರವಾಗಿ ಹೇಳಿರಲಿಲ್ಲ. ಗಂಡಸರಿಗೆ ಹೇಳುವ ಮಾತಲ್ಲ. ತುಂಡುತುಂಡಾಗಿ ಕಿವಿಗೆ ಬಿದ್ದದ್ದನ್ನು ಅವನೇ ಜೋಡಿಸಿಕೊಂಡಿದ್ದ.

ಬಸ್ಸು ಜಾವಗಲ್ಲಿನ ರಸ್ತೆಗೆ ಬಿತ್ತು. ಎಡಗಾಲನ್ನು ಮುಂದಿನ ಸೀಟಿನ ಕೆಳಗೆ ಚಾಚಿ ಇಟ್ಟುಕೊಂಡ. ಆ ಮಂಡಿ ಮಡಚುವುದಿಲ್ಲ. ಚನ್ನೇಶಪ್ಪನ ಕೊಬ್ಬರಿ ಮಂಡಿ ಓಡ್ತದೆ, ಕಾಲಿನ ಮಂಡಿ ಓಡಲ್ಲ ಎಂದು ಮಾರ್ಕೆಟ್ಟಿನಲ್ಲಿ ಆಡಿಕೊಳ್ಳುತ್ತಿದ್ದರು, ಅವನೂ ಸೇರಿಕೊಂಡು ನಗುತ್ತಿದ್ದ. ನಕ್ಕು ನಕ್ಕು ಅಭ್ಯಾಸವಾಗಿತ್ತು. ಅವನ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಗಾಯವಾದರೆ ಸುರಿಯುತ್ತಲೇ ಇರುತ್ತದೆ, ಎಡವಿದರೆ ಸಾಕು, ಕೀಲಿನೊಳಗೆ ಒಸರಿ ಕಾಲು ಕುಂಬಳಕಾಯಿಯಾಗುತ್ತದೆ. ಆಸ್ಪತ್ರೆಯವರು ಹಿಮೋಫಿಲಿಯಾ ಅನ್ನುತ್ತಾರೆ. ಮನೆಯಲ್ಲಿ ಅವನ ಅಜ್ಜಿಯ ಕಾಲದಿಂದ ಅದರ ಹೆಸರು ಗಂಡು ಕಾಯಿಲೆ. ಅಜ್ಜಿಯ ತಮ್ಮ ಸೈಕಲ್ಲಿನಿಂದ ಬಿದ್ದು ಹೋದ, ಸೋದರಮಾವ ಹಲ್ಲು ಕೀಳಿಸಿಕೊಂಡು ಹೋದ. ಹೆಂಗಸರಿಗೆ ಏನೂ ಆಗಲಿಲ್ಲ, ಅವರು ಅಳಲು ಉಳಿದರು. ಮೇಘಶ್ರೀ ಹುಟ್ಟಿದ ದಿನ ಹೆಣ್ಣು ಎಂದು ನರ್ಸು ಹೇಳಿದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದ. ದಾರಿಹೋಕರು ಹೆಣ್ಣು ಹುಟ್ಟಿದ್ದಕ್ಕೆ ಅಳುತ್ತಾನೆ ಅಂದುಕೊಂಡು ಸಮಾಧಾನ ಹೇಳಿದ್ದರು. ಅಷ್ಟು ಸಂತೋಷ ಅವನ ಬದುಕಿನಲ್ಲಿ ಮತ್ತೆ ಬಂದಿಲ್ಲ. ಆಮೇಲೆ ಮಗುವಿನ ಕಿವಿ ಚುಚ್ಚಿಸಿದಾಗ ಒಸರುವುದು ನಿಲ್ಲಲಿಲ್ಲ. ಅಕ್ಕಸಾಲಿಯ ಕೈ ಸರಿಯಿಲ್ಲ ಎಂದು ಬೈದರು. ಹಾಲುಹಲ್ಲು ಬಿದ್ದಾಗ ದಿಂಬು ಕೆಂಪಗಾಗಿತ್ತು, ಮಗು ನಾಲಿಗೆ ಆಡಿಸುತ್ತದೆ ಎಂದು ಗದರಿದರು. ಮೊನ್ನೆ ಮೊನ್ನೆ ಶಾಲೆಯಿಂದ ಬಂದವಳ ಮೊಣಕಾಲಿನ ಕೆಳಗೆ ನೇರಳೆ ಬಣ್ಣದ ಕಲೆ ಕಂಡಿತ್ತು. ಆ ಬಣ್ಣ ಅವನಿಗೆ ಹುಟ್ಟಿದಾಗಿನಿಂದ ಪರಿಚಯ. "ಎಲ್ಲಿ ಬಿದ್ದೆ?" ಎಂದು ಕೇಳಿದ್ದ. "ಬಿದ್ದಿಲ್ಲಪ್ಪ" ಅಂದಿದ್ದಳು. ಅವನು ಪೇಪರು ಓದತೊಡಗಿದ.

ಪ್ರತಿಮಾ ಅವನ ಅಕ್ಕನ ಮಗಳು. ತೊಟ್ಟಿಲಲ್ಲಿದ್ದಾಗಿನಿಂದ ಅವನು ಅವಳಿಗೆ ಮಾವ, ಮದುವೆಯಾದ ಮೇಲೂ ಅವಳ ಬಾಯಲ್ಲಿ ಅದೇ ಉಳಿದಿತ್ತು. ಕುಂಟನಿಗೆ, ಅದೂ ನೆತ್ತರು ನಿಲ್ಲದವನಿಗೆ ಯಾರು ಹೆಣ್ಣು ಕೊಡುತ್ತಾರೆ? ಬಂದ ಸಂಬಂಧವೆಲ್ಲ ಹೊಸಿಲಿನಿಂದಲೇ ವಾಪಸ್ಸಾದಾಗ ಅಕ್ಕ ಕಮಲಾಕ್ಷಮ್ಮ ಒಂದು ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, "ನನ್ ತಮ್ಮ ಒಂಟಿಯಾಗಿ ಸಾಯೋದು ಬ್ಯಾಡ, ನನ್ ಮಗಳ್ನೇ ಕೊಡ್ತೀನಿ" ಅಂದಳು. ಆಗಿನ್ನೂ ಬದುಕಿದ್ದ ಭಾವ ಕರಿಬಸವಯ್ಯ ಬಹಳ ದಿನ ಅವಳ ಕೈಯೂಟ ಬಿಟ್ಟಿದ್ದರು. ಕೊನೆಗೆ ಒಬ್ಬ ಡಾಕ್ಟರನ್ನು ಕೇಳಿದರು. ಹೆಣ್ಣುಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ, ಅವರು ಬರೀ ಸಾಗಿಸುತ್ತಾರೆ, ಗಂಡು ಹುಟ್ಟಿದರೆ ಮಾತ್ರ ನೋಡಿಕೊಳ್ಳಿ ಎಂದು ಅವರು ಹೇಳಿದರು. ಸಾಗಿಸುವುದು ಅಂದರೆ ಲಾರಿಯವರು ಮೂಟೆ ಸಾಗಿಸುವ ಹಾಗೆ ಎಂದು ಎಲ್ಲರೂ ಅರ್ಥ ಮಾಡಿಕೊಂಡರು. ಮೂಟೆ ಸಾಗಿಸಿದ ಲಾರಿಗೆ ಏನಾಗುತ್ತದೆ? ಚನ್ನೇಶನ ಮಂಡಿ ಊದಿದಾಗಲೆಲ್ಲ ಐಸಿನ ಪೊಟ್ಟಣ ಹಿಡಿದು ಬೆಳಗಿನವರೆಗೂ ಕೂತವಳು ಅಕ್ಕ. ಅವ್ವ ಬೇಗ ಹೋದಳು, ಇವಳೇ ಅವ್ವನಾದಳು. ಅವಳ ಋಣದ ಬಗ್ಗೆ ಯೋಚಿಸಿದಾಗ ಅವನಿಗೆ ಉಸಿರು ಕಟ್ಟುತ್ತದೆ. ಪ್ರೀತಿಯೂ ಹೌದು, ಸಿಟ್ಟೂ ಹೌದು. ಅಷ್ಟು ದೊಡ್ಡದನ್ನು ಕೊಟ್ಟವರ ಎದುರು ಮನುಷ್ಯ ನೆಟ್ಟಗೆ ನಿಂತು ಮಾತಾಡುವುದು ಹೇಗೆ?

ಜಾವಗಲ್ಲಿನಲ್ಲಿ ಬಸ್ಸು ನಿಂತಿತು. ಕಂಡಕ್ಟರು ಕಾಫಿಗೆ ಇಳಿದ. ಚನ್ನೇಶನಿಗೆ ಅವನನ್ನು ಕೊರಳಪಟ್ಟಿ ಹಿಡಿದು ಎಳೆದು ತರಬೇಕು ಅನ್ನಿಸಿತು. ಕಳೆದ ವರ್ಷದಿಂದ ಹಾಸನದ ದೊಡ್ಡಾಸ್ಪತ್ರೆಯಲ್ಲಿ ಅವನಿಗೆ ಹೊಸ ಇಂಜೆಕ್ಷನ್ ಶುರುವಾಗಿತ್ತು. ಮೊದಲಾದರೆ ರಕ್ತ ಸೋರಿದ ಮೇಲೆ ಓಡಬೇಕಿತ್ತು, ನರ ಹುಡುಕಿ ಹುಡುಕಿ ಚುಚ್ಚಬೇಕಿತ್ತು. ಇದು ಹಾಗಲ್ಲ, ಸೋರುವ ಮೊದಲೇ ಹೊಟ್ಟೆಯ ಚರ್ಮದ ಕೆಳಗೆ ಹಾಕುವುದು, ಇರುವೆ ಕಡಿದಷ್ಟು ನೋವು. ಶುರುವಾದ ಮೇಲೆ ಒಂದು ಸಲವೂ ಕಾಲು ಊದಿರಲಿಲ್ಲ. ಕೋಲು ಬಿಟ್ಟು ಮಾಲೇಕಲ್ಲಿನ ಬೆಟ್ಟದ ಬುಡದವರೆಗೂ ನಡೆದು ಬಂದಿದ್ದ. ಮನೆಯಲ್ಲಿ ಹಬ್ಬದ ಹಾಗಿತ್ತು. ಅದೇ ಆಸ್ಪತ್ರೆಯಲ್ಲಿ ರೋಗಿಗಳ ಸಭೆ ಮಾಡಿದ್ದರು. ಡಾಕ್ಟರಮ್ಮ ಪರದೆಯ ಮೇಲೆ ಚಿತ್ರ ತೋರಿಸಿ, ಮುಂದೆ ಒಂದೇ ಸಲ ಕೊಟ್ಟರೆ ವರ್ಷಾನುಗಟ್ಟಲೆ ಕೆಲಸ ಮಾಡುವ ಔಷಧ ಬರುತ್ತಿದೆ, ವಂಶವಾಹಿಯನ್ನೇ ತಿದ್ದುವ ಪ್ರಯತ್ನ ನಡೆದಿದೆ ಎಂದೆಲ್ಲ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಡುವೆ ಅವರು ಒಂದು ಮಾತು ಅಂದರು: ಹೆಣ್ಣಿಗೆ ಈ ಗುಣ ಎರಡು ಕಡೆಯಿಂದ ಬರುತ್ತದೆ, ಒಂದು ಕೆಟ್ಟರೆ ಇನ್ನೊಂದು ಹೇಗೋ ಸಂಸಾರ ತೂಗಿಸುತ್ತದೆ, ಅಪ್ಪನ ಕಡೆಯದೂ ಅಮ್ಮನ ಕಡೆಯದೂ ಎರಡೂ ಕೆಟ್ಟಿದ್ದರೆ ಅವಳಿಗೂ ಗಂಡಿನಷ್ಟೇ ಕಾಯಿಲೆ. ಆದರೆ ಅದು ಅಪರೂಪ, ಸಂಬಂಧದೊಳಗೆ ಮದುವೆಯಾದರೆ ಹಾಗಾಗಬಹುದು. ಚನ್ನೇಶ ಕೇಳಬೇಕು ಎಂದು ಎದ್ದು ನಿಂತ. ಎಲ್ಲರೂ ತಿರುಗಿ ನೋಡಿದರು. "ಬಸ್ ಪಾಸು ಎಲ್ಲಿ ಮಾಡಿಸ್ಬೇಕು ಡಾಕ್ಟ್ರೇ?" ಎಂದು ಕೇಳಿ ಕೂತುಬಿಟ್ಟ. ನಕ್ಕರು. ಆ ನಗು ಈಗ ಈ ಬಸ್ಸಿನಲ್ಲಿ, ಇಂಜಿನ್ನಿನ ಬಿಸಿಯ ಜೊತೆ, ಕಾಲ ಕೆಳಗಿನಿಂದ ಏರಿಬರುತ್ತಿತ್ತು.

ಹಳೇಬೀಡಿನಲ್ಲಿ ಇಳಿದಾಗ ದೇವಸ್ಥಾನದ ಮುಂದೆ ಪ್ರವಾಸಿಗರ ಬಸ್ಸುಗಳು ಸಾಲಾಗಿ ನಿಂತಿದ್ದವು. ಮಗಳ ವಯಸ್ಸಿನ ಒಬ್ಬಳು ಮೆಟ್ಟಿಲಿನಿಂದ ಧುಮ್ಮೆಂದು ಹಾರಿ ಓಡಿದಳು. ಅವನಿಗೆ ಹೊಟ್ಟೆಕಿಚ್ಚಾಯಿತು, ಪರರ ಮಗುವಿನ ಮೇಲೆ ಹೊಟ್ಟೆಕಿಚ್ಚುಪಡುವ ತನ್ನ ಮೇಲೆ ಹೇಸಿಗೆಯಾಯಿತು. ಅಕ್ಕನ ಮನೆಯ ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. ಕಮಲಾಕ್ಷಮ್ಮ ಹಣೆ ತುಂಬ ವಿಭೂತಿ ಇಟ್ಟುಕೊಂಡು ಹೊರಗೆ ಬಂದವಳು ಎಂದಿನ ಹಾಗೆ ಮೊದಲು ಅವನ ಕಾಲು ನೋಡಿದಳು. "ಕಾಲು ಹೆಂಗೈತೋ? ಬಸ್ಸಲ್ಲಿ ಜಾಗ ಸಿಕ್ತಾ? ಲಕ್ಕಮ್ಮ, ಆ ದಿಂಬಿನ ಕುರ್ಚಿ ಹಾಕು, ನನ್ ತಮ್ಮಂಗೆ ನೆಲಕ್ಕೆ ಕೂರಕ್ಕಾಗಲ್ಲ" ಎಂದಳು. ಪಕ್ಕದ ಮನೆಯ ಲಕ್ಕಮ್ಮ ಕುರ್ಚಿ ತಂದು ಹಾಕಿದಳು. ಕೂರದೆ "ಪಾಪು ಎಲ್ಲಿ?" ಎಂದ. "ಒಳಗವಳೆ. ನಮ್ಮಲ್ಲಿ ಸೂತಕ ಗೀತಕ ಎಲ್ಲೈತೆ, ಆದ್ರೂ ನಾಕು ಜನ ಬಂದಿರ್ತಾರೆ ಅಂತ ಹಿಂದಿನ ಕೋಣೇಲಿ ಕೂರ್ಸಿದೀವಿ. ನೀನು ಈಗ ಹೋಗ್ಬ್ಯಾಡ, ಹಸೆಗೆ ಕೂತ ಮ್ಯಾಲೆ ನೋಡೀವಂತೆ." ಮಾತಿನಲ್ಲಿ ಇಲ್ಲದ ಸೂತಕ ಕೋಣೆಯಲ್ಲಿತ್ತು. ಅವನು ಮುಖ ತೊಳೆಯುವ ನೆಪ ಹೇಳಿ ಹಿತ್ತಲಿಗೆ ಹೋದ.

ಒಗೆಯುವ ಕಲ್ಲಿನ ಹತ್ತಿರ ಪ್ರತಿಮಾ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಇವನನ್ನು ಕಂಡು ಬಕೆಟ್ಟನ್ನು ಬೆನ್ನ ಹಿಂದೆ ಸರಿಸಿದಳು. ನೀರಿನ ಬಣ್ಣ ಅವನಿಗೆ ಕಂಡಿತ್ತು. "ಎಷ್ಟು..." ಎಂದು ಶುರುಮಾಡಿ ನಿಲ್ಲಿಸಿದ. ಇಷ್ಟು ವರ್ಷ ಸಂಸಾರ ಮಾಡಿದರೂ ಈ ಮಾತು ಕೇಳಲು ಅವನ ಬಳಿ ಪದಗಳಿರಲಿಲ್ಲ. ತನ್ನ ರಕ್ತದ ಬಗ್ಗೆ ಊರೆಲ್ಲ ಹೇಳಿಕೊಂಡು ತಿರುಗಿದ್ದ, ಮನೆಯ ಹೆಂಗಸರ ರಕ್ತಕ್ಕೆ ಅವನ ಬಾಯಲ್ಲಿ ಹೆಸರೇ ಇರಲಿಲ್ಲ. "ಎಷ್ಟು ಅಂತ ಹೇಳ್ಲಿ ಮಾವ" ಎಂದಳು ಪ್ರತಿಮಾ. "ಅಂಗಡಿಯಿಂದ ತಂದಿದ್ದೂ ಸಾಲ್ತಿಲ್ಲ, ಹಾಸಿಗೆ ಬದಲಾಯ್ಸೀ ಬದಲಾಯ್ಸೀ ಸಾಕಾಗೋಯ್ತು. ಎದ್ರೆ ಕಣ್ ಕತ್ಲೆ ಬರ್ತದೆ ಅಂತಾಳೆ. ಅಮ್ಮ ಮೆಂತ್ಯದ ಗಂಜಿ ಕೊಡು ಅಂತಾಳೆ. ನಂಗೆ ಭಯ ಆಗ್ತಿದೆ." "ನಿಂಗೂ ಹಿಂಗಾಗಿತ್ತಾ?" ಅವಳು ತಲೆ ಎತ್ತಿ ನೋಡಿದಳು, ಅವನು ಹೊಸಬನೆನ್ನುವ ಹಾಗೆ. "ಪ್ರತಿ ತಿಂಗ್ಳೂ ಜಾಸ್ತೀನೇ. ಆದ್ರೆ ಇಷ್ಟಿಲ್ಲ" ಅಂದಳು. ಅವಳು ಗೋಡೆ ಹಿಡಿದು ನಡೆಯುವುದನ್ನು, ಹುಣಿಸೆಹಣ್ಣು ಕಿವುಚುತ್ತ ಇದ್ದಕ್ಕಿದ್ದಂತೆ ಕೂತುಬಿಡುವುದನ್ನು ಅವನು ನೋಡಿದ್ದ. ಸೋಮಾರಿತನ ಅಂದುಕೊಂಡಿದ್ದ ಎಂದು ಈಗ ಹೊಳೆಯಿತು.

ಒಳಗೆ ಹಸೆಮಣೆ ಹಾಕಿ ಮೇಘಶ್ರೀಯನ್ನು ಕರೆತಂದು ಕೂರಿಸುತ್ತಿದ್ದರು. ಹಸಿರು ರೇಷ್ಮೆ ಸೀರೆ, ತಲೆ ತುಂಬ ಹೂವು, ಮಡಿಲಲ್ಲಿ ಕೊಬ್ಬರಿ ಬಟ್ಟಲು, ಎಳ್ಳು ಬೆಲ್ಲದ ಚಿಗಳಿ ಉಂಡೆ. ಸೀರೆಯೊಳಗೆ ಮಗು ಇದೆಯೋ ಇಲ್ಲವೋ ಎನ್ನುವ ಹಾಗಿದ್ದಳು. ಕೆನ್ನೆಗೆ ಅರಿಶಿನ ಹಚ್ಚಿದ್ದರಿಂದ ಬಂದವರಿಗೆ ಕಳೆಕಳೆಯಾಗಿ ಕಂಡಿರಬೇಕು. ಅವನು ತುಟಿ ನೋಡಿದ. ತುಟಿ ಒಣಗಿದ ಕೊಬ್ಬರಿಯಷ್ಟು ಬಿಳಿ. ಹೆಂಗಸರ ನಡುವೆ ಕಾಲೆಳೆಯುತ್ತ ಹೋಗಿ, ಡಾಕ್ಟರುಗಳು ತನಗೆ ನೂರಾರು ಸಲ ಮಾಡಿದ ಹಾಗೆ, ಮಗಳ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದ. ಕೆಂಪು ಅನ್ನುವುದೇ ಇರಲಿಲ್ಲ. ಯಾರೋ "ಅಯ್ಯೋ ಶಿವನೇ, ಈಗ ಮುಟ್ಟದಾ" ಅಂದರು. "ಅಪ್ಪ, ಕಿವೀಲಿ ಗುಂಯ್ ಅಂತಿದೆ" ಎಂದಳು ಮೇಘಶ್ರೀ. ಅವಳ ಕೈ ತಣ್ಣಗಿತ್ತು. "ಹಾಸನಕ್ಕೆ ಕರ್ಕೊಂಡು ಹೋಗ್ಬೇಕು. ಈಗಲೇ" ಎಂದು ಚನ್ನೇಶ ಜೋರಾಗಿ ಹೇಳಿದ.

ಕಮಲಾಕ್ಷಮ್ಮನ ಕೈಯಲ್ಲಿ ಹಚ್ಚಿದ ಆರತಿ ತಟ್ಟೆ ಇತ್ತು. "ಏನ್ ಮಾತು ಅಂತ ಆಡ್ತೀಯೋ! ಇಷ್ಟು ಜನ ಕೂತವ್ರೆ. ಮೊದಲ್ನೇ ಸಲ ನಮ್ಮನೆ ಹೆಣ್ಮಕ್ಕಳಿಗೆಲ್ಲ ಹಂಗೇ ಕಣೋ. ನಂಗೂ ಹಂಗೇ ಆಗಿತ್ತು, ಸತ್ನಾ ನಾನು?" "ಅಕ್ಕ, ನನ್ ಕಾಯಿಲೇನೇ ಇವಳಿಗೂ ಐತೆ." ಲಕ್ಕಮ್ಮ ಫಕ್ಕನೆ ನಕ್ಕಳು. "ಹೆಣ್ಮಗೀಗೆ ಗಂಡು ಕಾಯಿಲೆ ಎಲ್ಲಿಂದ ಬತ್ತದೆ ಸ್ವಾಮಿ?" ಎಂದಳು. ಅವಳ ಹಿಂದೆ ಇನ್ನೂ ಇಬ್ಬರು ನಕ್ಕರು. ಕಮಲಾಕ್ಷಮ್ಮ ನಗಲಿಲ್ಲ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಿಂದ ಮೊಮ್ಮಗಳ ಭುಜವನ್ನು ಭದ್ರವಾಗಿ ಒತ್ತಿ ಹಿಡಿದಿದ್ದಳು. ಅವನ ಹತ್ತಿರಕ್ಕೆ ಬಾಗಿ, "ಬಾಯಿ ಮುಚ್ಚು. ಹಿಂಗೆ ಜನದ ಮುಂದೆ ಅಂದ್ರೆ ನಾಳೆ ಇವಳ್ನ ಯಾರು ಮಾಡ್ಕಂತಾರೆ?" ಎಂದು ಪಿಸುಗುಟ್ಟಿದಳು. "ಎಲ್ಲಿಂದ ಬಂತು ಹೇಳು ಮತ್ತೆ? ನಮ್ಮನೇಲಿ ಒಂದ್ ಹೆಣ್ಣಿಗೂ ಬಂದಿಲ್ಲ." "ನನ್ ಕಡೆಯಿಂದ ಒಂದು ಬಂತು, ಪ್ರತಿಮನ ಕಡೆಯಿಂದ ಒಂದು" ಎಂದ. "ಪ್ರತಿಮಂಗೆ ಎಲ್ಲಿಂದ?" ಅವಳೇ ಲೆಕ್ಕ ಹಾಕುವುದು ಅವಳ ಕಣ್ಣಲ್ಲಿ ಕಂಡಿತು. "ಹಂಗಾರೆ" ಎಂದಳು ಅಕ್ಕ, ಈಗ ಪಿಸುಮಾತಲ್ಲ, "ಹಂಗಾರೆ ನಾನು ನಿಂಗೆ ಮಗಳ್ನ ಕೊಟ್ಟಿದ್ದೇ ತಪ್ಪು ಅಂತೀಯಾ?"

ಇಲ್ಲ ಅಕ್ಕ ಎನ್ನುವುದು ಅವನ ನಾಲಿಗೆಯ ತುದಿಗೆ ಬಂತು. ಅದು ಅವನ ಜನ್ಮದ ಅಭ್ಯಾಸ. ನೋವಾಯ್ತೇನೋ? ಇಲ್ಲ ಅಕ್ಕ. ಹಸಿವೇನೋ? ಇಲ್ಲ ಅಕ್ಕ. ಇಲ್ಲ ಅಂದರೆ ಸಾಕು, ಆರತಿ ಮುಗಿಯುತ್ತದೆ, ಹೋಳಿಗೆ ಬಡಿಸುತ್ತಾರೆ, ಮಧ್ಯಾಹ್ನ ಕಳೆದ ಮೇಲೆ ಯಾರಿಗೂ ಮನಸ್ಸು ನೋಯದ ಹಾಗೆ ನೆಪ ಮಾಡಿ ಹೊರಡಬಹುದು. ಅಷ್ಟರಲ್ಲಿ ಏನಾದರೂ ಆದರೆ? ತಪ್ಪು ಅಂದರೆ ಅಕ್ಕ ಬದುಕಿನಲ್ಲಿ ಮಾಡಿದ ಒಂದೇ ಒಂದು ದೊಡ್ಡ ಕೆಲಸ ಮಣ್ಣುಪಾಲು. ತಪ್ಪು ಅಂದರೆ ಪ್ರತಿಮಾ ಅವನ ಹೆಂಡತಿಯಾದದ್ದು ತಪ್ಪು, ಈ ಹಸೆಮಣೆಯ ಮೇಲೆ ಕೂತಿರುವ ಜೀವ ಹುಟ್ಟಿದ್ದೇ ತಪ್ಪು, ಹಾಗಾದರೆ ಮೆಟ್ಟಿಲ ಮೇಲೆ ಕೂತು ಸಂತೋಷಕ್ಕೆ ಅತ್ತವನು ಯಾರು? ಪ್ರತಿಮಾ ಹಿತ್ತಲ ಬಾಗಿಲಲ್ಲಿ ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ನಿಂತಿದ್ದಳು, ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು. ಅಷ್ಟರಲ್ಲಿ ಮೇಘಶ್ರೀಯ ತಲೆ ಮೆಲ್ಲಗೆ ಮುಂದಕ್ಕೆ ವಾಲಿತು. ಅಜ್ಜಿಯ ಕೈ ಹಿಡಿದಿದ್ದರಿಂದ ಬೀಳಲಿಲ್ಲ ಅಷ್ಟೆ. ಜನಕ್ಕೆ ಅದು ನಾಚಿಕೆಯಂತೆ ಕಂಡಿತು. "ಹೂಂ ಅಕ್ಕ" ಅಂದ ಚನ್ನೇಶ. "ತಪ್ಪು. ಯಾರಿಗೂ ಗೊತ್ತಿರ್ಲಿಲ್ಲ. ಆದ್ರೂ ತಪ್ಪು. ಕೈ ಬಿಡು, ಮಗಾನ ಎತ್ಕೋಬೇಕು."

ಅವಳು ಕೈ ಬಿಟ್ಟಳು. ತಟ್ಟೆಯನ್ನು ನೆಲದ ಮೇಲಿಟ್ಟಳು. ತಾನು ಸಾಯುವವರೆಗೂ ಆ ಮುಖ ಮರೆಯುವುದಿಲ್ಲ ಎಂದು ಅವನಿಗೆ ಆಗಲೇ ಗೊತ್ತಾಯಿತು. ಮಗಳನ್ನು ಎತ್ತಿಕೊಳ್ಳಲು ಅವನ ಕಾಲು ಬಗ್ಗಲಿಲ್ಲ, ಪ್ರತಿಮಾ ಓಡಿಬಂದು ಎತ್ತಿಕೊಂಡಳು. ಎದುರುಮನೆಯ ಮೋಹನ್‌ಕುಮಾರ್ ಕಾರು ತೆಗೆದ. ಹಿಂದಿನ ಬಾಗಿಲು ತೆರೆದು ನೋಡಿದರೆ ಕಮಲಾಕ್ಷಮ್ಮ ಆಗಲೇ ಒಳಗೆ ಕೂತಿದ್ದಳು. "ನಾನೂ ಬತ್ತೀನಿ" ಅಂದಳು, ಯಾರ ಮುಖವನ್ನೂ ನೋಡದೆ. ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಹಾಸನ ಹತ್ತಿರ ಬಂದಾಗ ಮೇಘಶ್ರೀ ಕಣ್ಣು ಬಿಟ್ಟು, "ಇದು ಗಂಡಸರಿಗೆ ಮಾತ್ರ ಅಲ್ವಾ ಅಪ್ಪ, ನಂಗ್ಯಾಕೆ ಬಂತು?" ಎಂದು ಕೇಳಿದಳು. "ಹೆಸರು ಇಟ್ಟೋರಿಗೆ ಗೊತ್ತಿರ್ಲಿಲ್ಲ ಪುಟ್ಟಿ" ಅಂದ. ಮೋಹನ್‌ಕುಮಾರ್ ಕನ್ನಡಿಯಲ್ಲಿ ಒಮ್ಮೆ ನೋಡಿ ಗಾಡಿಯನ್ನು ಇನ್ನೂ ಜೋರಾಗಿ ಬಿಟ್ಟ.

ಸಭೆಯಲ್ಲಿ ಚಿತ್ರ ತೋರಿಸಿದ್ದ ಡಾಕ್ಟರಮ್ಮನೇ ಇದ್ದರು. ಅವರು ಹೆಚ್ಚು ಕೇಳಲಿಲ್ಲ. ಅಪ್ಪ ಯಾರು, ಅಮ್ಮ ಅವರಿಗೆ ಏನಾಗಬೇಕು ಎಂದು ಕೇಳಿದರು, ಚನ್ನೇಶ ಹೇಳಿದ, ಅವರು ಪೆನ್ನು ಹಿಡಿದ ಕೈ ಒಂದು ಗಳಿಗೆ ನಿಲ್ಲಿಸಿದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದ. ಬೈಯಲಿಲ್ಲ. ಮೊದಲು ಮೇಘಶ್ರೀಯ ರಕ್ತ ಪರೀಕ್ಷೆಗೆ ತೆಗೆದರು. ಆಮೇಲೆ ಅವಳಿಗೆ ರಕ್ತ ಏರಿಸಿದರು, ಇವನಿಗೆ ಮೊದಲೆಲ್ಲ ಕೊಡುತ್ತಿದ್ದ, ರಕ್ತ ಹೆಪ್ಪುಗಟ್ಟಿಸುವ ಔಷಧವನ್ನು ನರಕ್ಕೆ ಕೊಟ್ಟರು. ಪ್ರತಿಮಾಳ ರಕ್ತವನ್ನೂ, "ಅಮ್ಮಾ ನಿಮ್ಮದೂ ಬೇಕು" ಎಂದು ಕಮಲಾಕ್ಷಮ್ಮನದನ್ನೂ ಪರೀಕ್ಷೆಗೆ ತೆಗೆದುಕೊಂಡರು. ಸಂಜೆಯ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, "ಕಮ್ಮಿ ಆಗ್ತಿದೆ. ಕಾಯಿಲೆ ನಿಮ್ಮಷ್ಟೇ ಇದೆ ಇವಳಿಗೂ. ಇನ್ನೊಂದು ದಿನ ತಡ ಮಾಡಿದ್ರೆ ಕಷ್ಟ ಇತ್ತು. ಸುಧಾರಿಸ್ಕೊಳ್ಳಲಿ, ಆಮೇಲೆ ನಿಮಗೆ ಕೊಡೋ ಇಂಜೆಕ್ಷನ್ನೇ ಇವಳಿಗೂ ಶುರು ಮಾಡೋಣ. ಓಡ್ಲಿ, ಆಡ್ಲಿ, ಏನೂ ತೊಂದ್ರೆ ಇಲ್ಲ" ಅಂದರು. "ಆ ಒಂದೇ ಸಲದ ಔಷಧ?" ಎಂದು ಕೇಳಿದ, ಈ ಸಲ ಕೇಳಿಯೇಬಿಟ್ಟ. ಡಾಕ್ಟರಮ್ಮ ಸಣ್ಣಗೆ ನಕ್ಕರು, ಆ ನಗೆಯಲ್ಲಿ ಸಿಟ್ಟಿತ್ತು. "ಅದರ ಪ್ರಯೋಗಗಳಲ್ಲಿ ಹೆಚ್ಚುಕಮ್ಮಿ ಬರೀ ಗಂಡಸರನ್ನೇ ತಗೊಂಡಿದ್ದಾರೆ ಚನ್ನೇಶಪ್ಪ. ಹೆಂಗಸರ ಸರದಿ ಯಾವಾಗ ಬರುತ್ತೋ, ನಾವು ಕೇಳ್ತಾ ಇರ್ಬೇಕು" ಎಂದು ಒಳಗೆ ಹೋದರು.

ಕಾರಿಡಾರಿನ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಸೂಜಿ ಚುಚ್ಚಿದ ಜಾಗದ ಹತ್ತಿಯನ್ನು ಹೆಬ್ಬೆರಳಿನಿಂದ ಇನ್ನೂ ಒತ್ತಿ ಹಿಡಿದುಕೊಂಡಿದ್ದಳು. ಪಕ್ಕದಲ್ಲಿ ಕೂರಲು ಧೈರ್ಯ ಬರಲಿಲ್ಲ, ಕೂರದೆ ಇರಲೂ ಆಗಲಿಲ್ಲ. ಕಾಲು ಚಾಚಿ ಕೂತ. ಅವಳು ಅವನ ಕಾಲು ನೋಡಲಿಲ್ಲ. "ಚನ್ನೇಶಾ" ಅಂದಳು. "ಏನಕ್ಕ." "ಪ್ರತಿಮಾ ಹುಟ್ಟಿದಾಗ ನಂಗೆ ತಿಂಗಳಾನುಗಟ್ಟಲೆ ನಿಂತಿರ್ಲಿಲ್ಲ. ಎದ್ದು ನಿಂತ್ರೆ ಬಿದ್ದೋಗ್ತಿದ್ದೆ. ಆಮೇಲೂ ತಿಂಗ್ಳು ತಿಂಗ್ಳು ಹಂಗೇ, ಗರ್ಭಕೋಶ ತೆಗ್ಸೋಗಂಟ. ಕೆಲ್ಸ ಕದಿಯಾಕೆ ನಾಟಕ ಆಡ್ತಾಳೆ ಅಂತ ನಮ್ಮತ್ತೆ ಬಂದವ್ರ ಮುಂದೆಲ್ಲ ಅನ್ನೋರು. ನಿಮ್ ಭಾವನೂ ನಂಬಿದ್ರು ಅದನ್ನ." ಅವಳು ಹತ್ತಿ ತೆಗೆದು ನೋಡಿದಳು, ಮತ್ತೆ ಒತ್ತಿದಳು. "ಡಾಕ್ಟ್ರಮ್ಮ ಕೇಳಿದ್ರು ಕಣೋ, ನಿಮಗೆ ಹೆಂಗಿರ್ತಿತ್ತು ಅಮ್ಮ ಅಂತ. ಎಲ್ಲಾ ಹೇಳ್ದೆ. ಇದೇ ಇರ್ಬೇಕು ಅಂದ್ರು. ಹಂಗಾರೆ ನಾನು ನಾಟಕ ಆಡ್ತಿರ್ಲಿಲ್ಲ, ಅಲ್ವೇನೋ?"

"ಇಲ್ಲಕ್ಕ" ಅಂದ. ತನ್ನ ಕಾಲಿಗೆ ಐಸು ಹಿಡಿದು ಕೂತಿರುತ್ತಿದ್ದ ಆ ರಾತ್ರಿಗಳಲ್ಲಿ ಅವಳ ಮೈಯಿಂದ ಏನೇನು ಹರಿದುಹೋಗುತ್ತಿತ್ತೋ, ಅವನು ಕೇಳಿರಲಿಲ್ಲ. ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

"ಅತ್ತೆ, ನಿಮ್ ಭಾವ ಇಬ್ರೂ ಹೋಗ್ಬಿಟ್ರು" ಎಂದಳು ಕಮಲಾಕ್ಷಮ್ಮ. "ಹೇಳಾನ ಅಂದ್ರೆ ಯಾರೂ ಉಳ್ದಿಲ್ಲ."